ದೇವರ ಜೊತೆ ನಡೆಯೋದು ಅಂದರೆ ಏನು? ಕಾಲೇ ನಡೆಯದವರಿಗೆ ಇದನ್ನು ಹೇಗೆ ಹೇಳೋದು?

ಬೆಟಗೇರಿ ಹುಡುಗ

ಎಲ್ಲರಿಗೂ ವಂದನೆ. ಒಂದು ಸಹಾಯ ಬೇಕಿತ್ತು. ಮುಂದಿನ ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಹತ್ತು ನಿಮಿಷ ಮಾತಾಡು ಅಂತ ಅಯ್ಯನವರು (ನಮ್ಮ ಪಾಸ್ಟರ್) ಹೇಳಿದ್ದಾರೆ. ವಿಷಯವನ್ನೂ ಅವರೇ ಕೊಟ್ಟರು: "ದೇವರೊಂದಿಗೆ ನಡಿಗೆ". ಬೇರೆ ಯಾವುದಾದರೂ ಆಗಿದ್ದರೆ ಸುಮ್ನೆ ಒಪ್ಪಿಕೊಂಡುಬಿಡುತ್ತಿದ್ದೆ.

ನಮ್ಮ ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ದಿನಾ ಶಾಲೆಗೆ ನಡೆದೇ ಹೋಗುತ್ತಿದ್ದರು. ಸಂಬಳ ಜಾಸ್ತಿ ಆದಾಗ ಅವ್ವ ಹಟ ಮಾಡಿ ಸೈಕಲ್ ಕೊಡಿಸಿದಳು. ಅಪ್ಪ ಹ್ಯಾಂಡಲ್‌ಗೆ ಚೀಲ ತೂಗುಹಾಕಿ, ಸೈಕಲ್ ತಳ್ಳಿಕೊಂಡು ನಡೆದೇ ಹೋದರು. ಭಾನುವಾರ ಗುಡಿಗೂ, ಅಂದರೆ ಚರ್ಚಿಗೂ, ಹಾಗೇ. ದಾರೀಲಿ ಸಿಕ್ಕವರ ಜೊತೆ ಮಾತಾಡಬೇಕಲ್ಲಾ, ಸೈಕಲ್ ಹತ್ತಿದರೆ ಆಗಲ್ಲ ಅನ್ನುತ್ತಿದ್ದರು.

ಹೋದ ದೀಪಾವಳಿಗೆ ಒಂದು ವಾರ ಇರುವಾಗ ಅವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು. ಮಾತು ಸ್ವಲ್ಪ ತೊದಲಿದರೂ ತಿಳಿಯುತ್ತದೆ. ಈಗ ನಾಲ್ಕು ಕಾಲಿನ ಕೋಲು ಹಿಡಿದು ಮಂಚದಿಂದ ಪಡಸಾಲೆ ಬಾಗಿಲಿನವರೆಗೆ ಬರುತ್ತಾರೆ. ಹನ್ನೊಂದು ಹೆಜ್ಜೆ. ಕೆಲವು ದಿನ ಹನ್ನೆರಡು.

ನಡುವೆ ಇನ್ನೊಂದು ಆಯಿತು. ಸಂಬಂಧಿಕರು ಒತ್ತಾಯ ಮಾಡಿದ್ದಕ್ಕೆ ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋಗಿದ್ದೆವು. ವೇದಿಕೆ ಮೇಲಿದ್ದವರು "ಎದ್ದು ನಡೆ" ಅಂತ ಕೂಗಿ ಅಪ್ಪನ ಎಡಗೈಯನ್ನೇ ಹಿಡಿದು ಎಳೆದರು. ಅಪ್ಪ ಬಿದ್ದರು. ಮೊಣಕೈ ತರಚಿತು. ಆಮೇಲೆ ನಮ್ಮ ಕಡೆ ತಿರುಗಿ "ಮನೆಯವರಲ್ಲಿ ನಂಬಿಕೆ ಸಾಲದು" ಅಂದರು.

ಈಗ ಅದೇ ಅಪ್ಪನನ್ನು ಮೊದಲ ಸಾಲಿನಲ್ಲಿ ಕೂರಿಸಿಕೊಂಡು ನಾನು ನಡಿಗೆ ಬಗ್ಗೆ ಏನಂತ ಮಾತಾಡಲಿ? ನಡೆಯೋದು ಅನ್ನೋದು ಬರೀ ರೂಪಕ, ಗೊತ್ತು. ಆದರೂ ಹೊಟ್ಟೆಯಲ್ಲಿ ಕಲಕಿದ ಹಾಗಾಗುತ್ತದೆ.

ಪ್ರಾರ್ಥನಾಯೋಧ

ಪ್ರೈಸ್ ದ ಲಾರ್ಡ್ ಬ್ರದರ್. ಸೋತು ಹೋಗಬೇಡಿ. ಅಪೊಸ್ತಲರ ಕೃತ್ಯಗಳು 3ನೇ ಅಧ್ಯಾಯ ಓದಿ. ಸುಂದರದ್ವಾರದ ಹತ್ತಿರ ಕೂತಿದ್ದ ಹುಟ್ಟು ಕುಂಟ ಎದ್ದು, ನಡೆದು, ಹಾರುತ್ತಾ ದೇವಾಲಯದ ಒಳಗೆ ಹೋದ. ಅದೇ ಕರ್ತನು ಇವತ್ತೂ ಇದ್ದಾನೆ. ಸಭೆಯಲ್ಲಿ ಅದನ್ನೇ ಧೈರ್ಯವಾಗಿ ಸಾರಿ. ಅಪ್ಪಾಜಿಗಾಗಿ ಪ್ರಾರ್ಥಿಸುತ್ತೇನೆ.

ಅನುಮಾನದ ತೋಮ

ಬ್ರದರ್, ಅವರು ಬರೆದಿದ್ದನ್ನು ಪೂರ್ತಿ ಓದಿದಿರಾ? ಮೊಣಕೈ ತರಚಿದ ಸಾಲಿನವರೆಗೆ?

ನಾನು ಸಭೆಗೆ ಹೋಗೋದು ಬಿಟ್ಟು ಆರೇಳು ವರ್ಷ ಆಯಿತು, ಆದರೂ ಇಲ್ಲಿ ಇಣುಕುತ್ತಿರುತ್ತೇನೆ. ಈ "ದೇವರ ಜೊತೆ ನಡಿಗೆ" ಅನ್ನೋದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಸಂಡೇ ಸ್ಕೂಲಲ್ಲಿ ಅದರ ಅರ್ಥ ಒಂದೇ: ಸುಳ್ಳು ಹೇಳಬೇಡ, ಸಿನಿಮಾಕ್ಕೆ ಹೋಗಬೇಡ, ಸಾಲಲ್ಲಿ ಕೈ ಕಟ್ಟಿ ನಿಲ್ಲು. ನಡಿಗೆ ಅಂದರೆ ನಡತೆ, ನಡತೆ ಅಂದರೆ ಮಾರ್ಕ್ಸು. ಇದರಲ್ಲಿ ಜೊತೆ ಅನ್ನೋದು ಎಲ್ಲಿ ಬಂತು ಅಂತ ಯಾರೂ ಹೇಳಿಕೊಡಲಿಲ್ಲ.

ಮಾರ್ಗಸ್ಥ

ತೋಮ ಅವರು ಸಿಟ್ಟಿನಲ್ಲಿ ಹೇಳಿದ್ದರೂ ಸರಿಯಾದ ಗಂಟಿಗೇ ಕೈ ಹಾಕಿದ್ದಾರೆ. ನಾನು ಇಬ್ರಿಯ ಭಾಷೆ (ಹೀಬ್ರೂ) ಕಲಿಸುವವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 5ನೇ ಅಧ್ಯಾಯ ಒಂದು ವಂಶಾವಳಿ. ಇಂಥವನು ಇಷ್ಟು ವರ್ಷ ಬದುಕಿದ, ಮಕ್ಕಳಾದರು, ಸತ್ತ. ಮತ್ತೊಬ್ಬ ಬದುಕಿದ, ಮಕ್ಕಳಾದರು, ಸತ್ತ. ಓದುತ್ತಾ ಓದುತ್ತಾ ನಿದ್ದೆ ಬರುತ್ತದೆ. ಹನೋಕನ ಹತ್ತಿರ ಬಂದಾಗ ಮಾತ್ರ "ಸತ್ತ" ಅನ್ನೋ ಪದ ಇಲ್ಲ. ಅವನು ದೇವರ ಜೊತೆ ನಡೆದ, ಆಮೇಲೆ ಕಾಣಿಸಲಿಲ್ಲ, ದೇವರು ಕರೆದುಕೊಂಡ. ಅಷ್ಟೇ.

ಅಲ್ಲಿರುವ ಇಬ್ರಿಯ ಕ್ರಿಯಾಪದ "ಹಿತ್‌ಹಲ್ಲೇಕ್". ಹೋಗು, ನಡೆ ಅನ್ನುವ "ಹಾಲಕ್" ಧಾತುವಿನ ಒಂದು ರೂಪ. ಒಂದು ಊರಿಂದ ಇನ್ನೊಂದು ಊರಿಗೆ ಗುರಿ ಇಟ್ಟು ಹೋಗುವ ನಡಿಗೆಗಿಂತ ಅತ್ತಿತ್ತ ಓಡಾಡೋದು, ಸಂಜೆ ಹೊತ್ತು ಅಡ್ಡಾಡೋದು, ಆ ಥರ. ಎರಡು ಅಧ್ಯಾಯ ಹಿಂದೆ ಹೋಗಿ ನೋಡಿ. ಏದೆನ್ ತೋಟದಲ್ಲಿ ತಂಪು ಹೊತ್ತಿನಲ್ಲಿ ದೇವರ ಸಪ್ಪಳ ಕೇಳಿಸಿತಲ್ಲ, ಅಲ್ಲಿ ದೇವರು ಮಾಡುತ್ತಿದ್ದದ್ದೂ ಇದೇ ಕ್ರಿಯಾಪದ. ಅಂದರೆ ಮೊದಲು ಅಡ್ಡಾಡಲು ಬಂದವನು ದೇವರು. ಆದಾಮ ಮರದ ಮರೆಗೆ ಹೋಗಿ ಅಡಗಿದ. ಹನೋಕ ಅಡಗಲಿಲ್ಲ, ಜೊತೆಗೆ ಹೊರಟ. ಹನೋಕನ ಪೂರ್ತಿ ಕತೆ ಇಷ್ಟೇ ಅಂತ ನನಗನ್ನಿಸುತ್ತದೆ.

ಆದರೆ ಅನುವಾದಕರಿಗೆ ಇದು ಯಾವತ್ತೂ ಇರಿಸುಮುರಿಸು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಗ್ರೀಕಿಗೆ ತರುವಾಗಲೇ ಅದನ್ನು "ದೇವರನ್ನು ಮೆಚ್ಚಿಸಿದ" ಅಂತ ಬದಲಾಯಿಸಿಬಿಟ್ಟರು. ಇಬ್ರಿಯರಿಗೆ ಬರೆದ ಪತ್ರದ 11:5ರಲ್ಲಿ ಹನೋಕ ದೇವರಿಗೆ ಮೆಚ್ಚಿಕೆಯಾದವನು ಅಂತ ಬರುವುದು ಆ ಗ್ರೀಕ್ ಪಾಠದಿಂದಲೇ. ನೋಹನ ಬಗ್ಗೆಯೂ ಇಬ್ರಿಯದಲ್ಲಿ ಇದೇ ಕ್ರಿಯಾಪದ, ನಮ್ಮ ಹಳೆ ಕನ್ನಡ ಬೈಬಲ್‌ನಲ್ಲಿ ಅವನು "ಅನ್ಯೋನ್ಯವಾಗಿ ನಡೆದುಕೊಂಡನು". ಅನ್ಯೋನ್ಯ ಅನ್ನೋ ಪದ ಚೆನ್ನಾಗಿದೆ, ಗಂಡ ಹೆಂಡತಿಗೆ ಹೇಳುವ ಮಾತು. ಆದರೆ "ನಡೆದ" ಹೋಗಿ "ನಡೆದುಕೊಂಡ" ಆಯಿತು. ಕಾಲು ಹೋಗಿ ಶಿಸ್ತು ಬಂತು. ತೋಮ ಅವರ ಸಂಡೇ ಸ್ಕೂಲ್ ಹುಟ್ಟಿದ್ದು ಆ ಒಂದು "ಕೊಂಡ"ದಲ್ಲಿ!

ಸಾಲುಮರ

ನಾನು ಕ್ರೈಸ್ತನಲ್ಲ, ಲಿಂಗಾಯತರ ಮನೆಯವನು. ಭಾಷೆ ವಿಷಯ ಬಂತು ಅಂತ ಬಾಯಿ ಹಾಕುತ್ತಿದ್ದೇನೆ, ಬೇಡ ಅಂದರೆ ಹೇಳಿ.

ಮಾರ್ಗಸ್ಥ ಸರ್, "ನಡೆದುಕೊಳ್ಳು" ಅನ್ನೋದನ್ನು ಅಷ್ಟು ಹಗುರ ಮಾಡಬೇಡಿ. ಕನ್ನಡದಲ್ಲಿ ನಡೆಗೂ ನಡತೆಗೂ ನಡುವೆ ಬೇಲಿ ಇಲ್ಲ. ನುಡಿಯಂತೆ ನಡೆ ಇರಬೇಕು ಅಂತ ಶರಣರು ಹೇಳಿದಾಗ ಅದು ಬರೀ ಶಿಸ್ತಿನ ಮಾತಲ್ಲ. ಇನ್ನೂ ನೋಡಿ. ಅಂಗಡಿ ನಡೆಯುತ್ತದೆ. ಮದುವೆ ನಡೆಯುತ್ತದೆ. ಮಾತುಕತೆ ನಡೆಯುತ್ತದೆ. "ಹೆಂಗ ನಡದೈತ್ರಿ?" ಅಂತ ಕೇಳುತ್ತಾರೆ. ಹಾಸಿಗೆ ಹಿಡಿದ ಮುದುಕಿ ಕೂಡ ಮೂಲೆಯಲ್ಲಿ ಮಲಗಿಕೊಂಡೇ ಮನೆ ನಡೆಸುತ್ತಾಳೆ. ಇದಕ್ಕೆಲ್ಲಾ ಕಾಲು ಎಲ್ಲಿ ಬೇಕು?

ಬೆಟಗೇರಿಯವರೇ, ನಿಮ್ಮ ಅಪ್ಪನಿಗೆ ನಡೆಯೋಕೆ ಆಗಲ್ಲ ಅಂತ ನೀವು ಬರೆದಿರಿ. ಅವರ ಮಾತು ಈಗಲೂ ಮನೆಯಲ್ಲಿ ನಡೆಯುತ್ತಾ ಇಲ್ವಾ?

ಇನ್ನೊಂದು. ನೀವು ಹೇಳಿದ ತೋಟದಲ್ಲಿ ಅಡ್ಡಾಡುವ ದೇವರನ್ನು ನೋಡಿದಾಗ ನನಗೆ ನಮ್ಮ "ಜಂಗಮ" ನೆನಪಾಯಿತು. ಒಂದು ಕಡೆ ನೆಟ್ಟಿದ್ದು ಸ್ಥಾವರ, ಚಲಿಸುವುದು ಜಂಗಮ. ನಿಮ್ಮಲ್ಲೂ ಇಂಥದ್ದು ಇದೆಯಾ?

ಮಾರ್ಗಸ್ಥ

ಸಾಲುಮರ ಅವರೇ, ನಿಮ್ಮ ಆಕ್ಷೇಪ ಒಪ್ಪಿದೆ. "ಕೊಂಡ"ದ ಬಗ್ಗೆ ನಾನು ಹೇಳಿದ್ದು ಸ್ವಲ್ಪ ಅತಿ ಆಯಿತು. ಯೆಹೂದ್ಯರಲ್ಲೂ ಹೀಗೇ ಇದೆ. ಅವರ ಧರ್ಮಶಾಸ್ತ್ರದ ನಿಯಮಗಳಿಗೆ "ಹಲಾಖಾ" ಅನ್ನುತ್ತಾರೆ, ಅದೇ "ನಡೆ" ಧಾತು. ಅಪೊಸ್ತಲ ಪೌಲನೂ ಪತ್ರಗಳಲ್ಲಿ ನಡತೆ ಅನ್ನುವಾಗ ಬಹಳ ಕಡೆ ಅಡ್ಡಾಡು ಅನ್ನುವ ಗ್ರೀಕ್ ಪದವನ್ನೇ ಬಳಸುತ್ತಾನೆ. ಅಂದರೆ ಕನ್ನಡ ಈ ವಿಷಯದಲ್ಲಿ ಇಬ್ರಿಯಕ್ಕೆ ಹತ್ತಿರದ ನೆಂಟ.

ಜಂಗಮದ ಪ್ರಶ್ನೆ ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟೆ. 2 ಸಮುವೇಲ 7 ನೋಡಿ. ದಾವೀದ ತಾನು ದೇವದಾರು ಮರದ ಅರಮನೆಯಲ್ಲಿದ್ದೇನೆ, ದೇವರ ಮಂಜೂಷ (ಪವಿತ್ರ ಪೆಟ್ಟಿಗೆ) ಗುಡಾರದಲ್ಲಿದೆ, ಒಂದು ಆಲಯ ಕಟ್ಟಿಸುತ್ತೇನೆ ಅಂತ ಹೊರಡುತ್ತಾನೆ. ದೇವರು ಏನನ್ನುತ್ತಾನೆ? ಐಗುಪ್ತದಿಂದ (ಈಜಿಪ್ಟಿನಿಂದ) ನಿಮ್ಮನ್ನು ಕರೆತಂದ ದಿನದಿಂದ ನಾನು ಮನೆಯಲ್ಲಿ ಇದ್ದವನೇ ಅಲ್ಲ, ಗುಡಾರದಲ್ಲಿ ಓಡಾಡಿಕೊಂಡಿದ್ದೇನೆ, ನನಗೆ ಮನೆ ಕಟ್ಟಿಕೊಡಿ ಅಂತ ಯಾರನ್ನಾದರೂ ಕೇಳಿದ್ದೇನಾ ಅಂತ. ಆ "ಓಡಾಡಿಕೊಂಡಿದ್ದೇನೆ" ಅನ್ನುವಲ್ಲಿ ಮತ್ತೆ ಅದೇ ಹಿತ್‌ಹಲ್ಲೇಕ್. ಜಂಗಮ ತತ್ವ ಬೇರೆ, ಇದು ಬೇರೆ, ಎರಡನ್ನೂ ಒಂದೇ ಅನ್ನೋಕೆ ನಾನು ತಯಾರಿಲ್ಲ. ಆದರೆ ಇಬ್ಬರೂ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಮಾತಾಡಬಹುದು.

ದೋರನಹಳ್ಳಿ ಕಡೆಯವಳು

ನಾನು ಕಥೋಲಿಕಳು. ಇಬ್ರಿಯ ಗಿಬ್ರಿಯ ಗೊತ್ತಿಲ್ಲ, ಕಾಲು ನೋವು ಗೊತ್ತು.

ಬೆಂಗಳೂರಿನಿಂದ ವೇಲಾಂಗಣಿಗೆ ಕಾವಿ ಬಟ್ಟೆ ಹಾಕಿಕೊಂಡು ನಡೆದು ಹೋಗುತ್ತಾರಲ್ಲ, ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನ ಹಬ್ಬಕ್ಕೆ. ಒಂದು ವರ್ಷ ಹರಕೆ ಹೊತ್ತು ನಾನೂ ಹೋಗಿದ್ದೆ. ಮೂರನೇ ದಿನ ಹಿಮ್ಮಡಿ ಬೊಬ್ಬೆ ಬಂದು ಒಡೆಯಿತು. ತಾರು ರಸ್ತೆ ಕೆಂಡದ ಹಾಗಿತ್ತು. ಹುಡುಗರು ಬೆಳಗಿನ ಜಾವ ಎದ್ದು ಸರಸರ ಮುಂದೆ ಹೋಗಿಬಿಡೋರು. ನಾನು ಹಿಂದೆ ಹಿಂದೆ.

ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಮಾತೆಯ ಪುಟ್ಟ ತೇರು ಮುಂದೆ ಇರುತ್ತಿರಲಿಲ್ಲ. ಎಲ್ಲರಿಗಿಂತ ಹಿಂದೆ ಬರುತ್ತಿತ್ತು. ಗುಂಪು ನಡೆಸುತ್ತಿದ್ದ ಹಿರಿಯರು ಹಾಗೇ ಕಟ್ಟು ಮಾಡಿದ್ದರು. ಎಷ್ಟು ನಿಧಾನಕ್ಕೆ ನಡೆದರೂ ತೇರಿಗಿಂತ ಹಿಂದೆ ಬೀಳೋಕೆ ಆಗುತ್ತಿರಲಿಲ್ಲ. ನಾನು ನಿಂತರೆ ತೇರೂ ನಿಲ್ಲುತ್ತಿತ್ತು. ಗಾಲಿಯ ಕಿರ್ ಕಿರ್ ಸದ್ದು ಈಗಲೂ ಕಿವಿಯಲ್ಲಿದೆ, ಯಾರೋ ಎಣ್ಣೆ ಬಿಡೋದು ಮರೆತಿದ್ದರು.

ನಿಮ್ಮ ಪ್ರೊಟೆಸ್ಟೆಂಟ್ ಕಡೆ ಮಾತೆಯ ವಿಷಯ ಒಪ್ಪಲ್ಲ ಅಂತ ಗೊತ್ತು. ತೇರಿನ ವಿಷಯವನ್ನಾದರೂ ತೆಗೆದುಕೊಳ್ಳಿ.

ಹನೋಕನ ಬಗ್ಗೆ ಓದಿ ನಗು ಬಂತು. ಮಗ ಮೆತೂಷೆಲಹ ಹುಟ್ಟಿದ ಮೇಲೆ 300 ವರ್ಷ ದೇವರ ಜೊತೆ ನಡೆದ ಅಂತಿದೆ. ಮಗು ಆದ ಮೇಲೆ ಶುರು! ರಾತ್ರಿ ಎಲ್ಲಾ ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮನೆ ತುಂಬಾ ಅಡ್ಡಾಡಿರಬೇಕು ಪಾಪ. ಆ ಹೊತ್ತಿನಲ್ಲಿ ಬೇರೆ ಯಾರು ಜೊತೆಗೆ ಎದ್ದಿರುತ್ತಾರೆ?

ಪ್ರಾರ್ಥನಾಯೋಧ

ಬೆಟಗೇರಿ ಬ್ರದರ್, ನಿನ್ನೆ ಬರೆದಿದ್ದಕ್ಕೆ ಕ್ಷಮೆ ಇರಲಿ. ನಾನು ಓದಿದ್ದೆ. ಆದರೆ ಆ ಭಾಗಕ್ಕೆ ಏನು ಹೇಳಬೇಕು ತಿಳಿಯದೆ ವಚನ ಹಾಕಿಬಿಟ್ಟೆ. ಹಾಗೆ ಮಾಡಬಾರದಿತ್ತು.

ದೇವರು ಗುಣಪಡಿಸುತ್ತಾನೆ ಅನ್ನೋದನ್ನು ನಾನು ಬಿಡಲ್ಲ. ನನ್ನ ಅಮ್ಮನ ವಿಷಯದಲ್ಲಿ ನೋಡಿದ್ದೇನೆ. ಆದರೆ ಕೈ ಹಿಡಿದು ಎಳೆಯೋದು ಬೇರೆ, ಕೈ ಹಿಡಿದು ಜೊತೆ ಇರೋದು ಬೇರೆ. ನಿಮ್ಮ ಅಪ್ಪಾಜಿಗೆ ಆಗಿದ್ದು ತಪ್ಪು.

ನಮ್ಮ ಪಾಸ್ಟರ್ ಪೌಲನ ಗಲಾತ್ಯ ಪತ್ರದ 5ನೇ ಅಧ್ಯಾಯದ ಬಗ್ಗೆ ಒಮ್ಮೆ ಹೇಳಿದ್ದು ನೆನಪಿದೆ. 16ನೇ ವಚನದಲ್ಲೂ 25ರಲ್ಲೂ ಆತ್ಮನನ್ನು ಅನುಸರಿಸಿ ನಡೆಯಿರಿ ಅಂತ ಬರುತ್ತದೆ, ಆದರೆ ಗ್ರೀಕಿನಲ್ಲಿ ಎರಡೂ ಬೇರೆ ಪದವಂತೆ. ಎರಡನೆಯದು ಸಾಲಿನಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸೋದು. ನಾನು ಯಾವಾಗಲೂ ಓಡೋ ಸ್ವಭಾವದವನು. ನನಗೆ ಅದು ಬೈಗುಳದ ಥರಾನೇ ಕೇಳಿಸಿತು.

ಅನುಮಾನದ ತೋಮ

ಯೋಧ ಅವರೇ, ಅದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್. ನಿಜವಾಗಿ.

ನನ್ನದು ಒಂದು ಪ್ರಶ್ನೆ ಉಳಿದಿದೆ. ಜೊತೆ, ಜೊತೆ ಅಂತ ಎಲ್ಲರೂ ಹೇಳುತ್ತಿದ್ದೀರಿ. ನಾನು ಸಭೆ ಬಿಟ್ಟಿದ್ದು ವಾದ ಮಾಡಿ ಅಲ್ಲ. ಜೊತೆಗೆ ಯಾರೂ ಇದ್ದ ಹಾಗೆ ಅನಿಸಲಿಲ್ಲ, ಅಷ್ಟೇ. ಪಕ್ಕದಲ್ಲಿ ನಡೆಯುತ್ತಿರುವವರು ಕಾಣಿಸದೇ ಇದ್ದರೆ ಅದಕ್ಕೆ ಜೊತೆ ಅಂತಾರಾ?

ಮಾರ್ಗಸ್ಥ

ಎಮ್ಮಾಹು ಅನ್ನೋ ಊರಿನ ದಾರಿಯಲ್ಲೂ ಅದೇ ಆಗಿದ್ದು ಅಲ್ವಾ? ಲೂಕ 24. ಇಬ್ಬರು ಯೆರೂಸಲೇಮ್ ಬಿಟ್ಟು ಹೊರಟಿದ್ದಾರೆ. ಒಬ್ಬನ ಹೆಸರು ಕ್ಲೆಯೋಪ, ಇನ್ನೊಬ್ಬರ ಹೆಸರೇ ಇಲ್ಲ. 60 ಸ್ತಾದಿಯ ಅಂದರೆ ಸುಮಾರು 11 ಕಿಲೋಮೀಟರ್. ಮಾತಾಡಿಕೊಂಡು ಹೋದರೆ ಎರಡೂವರೆ ಮೂರು ಗಂಟೆ ದಾರಿ. ಅಷ್ಟು ಹೊತ್ತಿನಲ್ಲಿ, ಸತ್ತು ಎದ್ದ ಯೇಸು ಬಂದು ಜೊತೆಗೂಡಿ ನಡೆದರೂ ಅವರಿಗೆ ಗುರುತು ಸಿಗಲಿಲ್ಲ. ಅವರು ಹೋಗುತ್ತಿದ್ದದ್ದು ಸರಿಯಾದ ದಿಕ್ಕಿಗೂ ಅಲ್ಲ ಅನ್ನೋದು ನನಗೆ ಮುಖ್ಯ. ಮಿಕ್ಕ ಶಿಷ್ಯರೆಲ್ಲಾ ಯೆರೂಸಲೇಮಿನಲ್ಲಿ, ಇವರು ಬೆನ್ನು ತಿರುಗಿಸಿ ಹೊರಟವರು. ಅವನು ಅಡ್ಡ ನಿಂತು ವಾಪಸ್ ಹೋಗಿ ಅನ್ನಲಿಲ್ಲ. ಅವರು ಹೊರಟ ದಿಕ್ಕಿಗೇ ಹೆಜ್ಜೆ ಹಾಕಿದ. ಊರು ಬಂದಾಗ ಇನ್ನೂ ಮುಂದೆ ಹೋಗುವವನ ಹಾಗೆ ಮಾಡಿದ. ಅವರೇ ಒತ್ತಾಯ ಮಾಡಿ ಉಳಿಸಿಕೊಂಡರು.

ನಿಮ್ಮನ್ನು ವಾಪಸ್ ಕರೆಯೋಕೆ ಇದನ್ನು ಹೇಳುತ್ತಿಲ್ಲ. ನೀವು ಕೇಳಿದ ಪ್ರಶ್ನೆ ಆ ಕತೆಯಲ್ಲೇ ಇದೆ, ಅದಕ್ಕೆ.

ಅನುಮಾನದ ತೋಮ

ಹ್ಞೂಂ. ಯೋಚನೆ ಮಾಡುತ್ತೇನೆ. ಅವರು ಗುರುತು ಹಿಡಿದ ತಕ್ಷಣ ಅವನು ಮಾಯ ಆದ, ಅದನ್ನೂ ಹೇಳಿ ಸರ್. ಅದು ನನಗೆ ಇಷ್ಟವಾದ ಭಾಗ.

ಹುಬ್ಬಳ್ಳಿ ಫಿಸಿಯೋ

ನಾನು ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ದೇವರ ವಿಷಯಕ್ಕೆ ಬರಲ್ಲ, ನನ್ನ ಕೆಲಸದ ಎರಡು ಮಾತು ಹೇಳುತ್ತೇನೆ.

ಬೆಟಗೇರಿ ಅಣ್ಣ, ಮೊದಲು ಇದು: ಲಕ್ವ ಹೊಡೆದ ಕೈಯನ್ನು ಯಾರೂ, ಯಾವತ್ತೂ ಹಿಡಿದು ಎಳೆಯಬಾರದು. ಭುಜದ ಸ್ನಾಯು ಸಡಿಲ ಆಗಿರುತ್ತದೆ, ಕೀಲು ಜಾರುವ ಅಪಾಯ ಇದೆ. ಎಬ್ಬಿಸುವಾಗ ಸೊಂಟದ ಪಟ್ಟಿ ಹಿಡಿಯಿರಿ. ಪಟ್ಟಿ ಇಲ್ಲದಿದ್ದರೆ ಗಟ್ಟಿ ಬೆಲ್ಟ್ ಕಟ್ಟಿ. ಭುಜ ನೋವು ಅಂದರೆ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಎರಡನೆಯದು. ನಡೆಸುವಾಗ ನೀವು ಎಲ್ಲಿ ನಿಲ್ಲುತ್ತೀರಿ? ಮನೆಯವರೆಲ್ಲಾ ಮಾಡುವ ತಪ್ಪು ಏನಂದರೆ ಎದುರಿಗೆ ನಿಂತು, ಎರಡೂ ಕೈ ಚಾಚಿ, "ಬನ್ನಿ ಬನ್ನಿ" ಅಂತ ಹಿಂದೆ ಹಿಂದೆ ಸರಿಯುತ್ತಾರೆ. ಹಾಗೆ ಮಾಡಿದರೆ ಅವರು ಮುಂದಕ್ಕೆ ಬಾಗುತ್ತಾರೆ, ಬೀಳುತ್ತಾರೆ. ಬಲಹೀನ ಇರುವ ಕಡೆಗೇ ನಿಲ್ಲಬೇಕು, ಒಂದು ಅರ್ಧ ಹೆಜ್ಜೆ ಹಿಂದೆ. ಕೋಲು ಗಟ್ಟಿ ಇರುವ ಕೈಯಲ್ಲಿ. ನಿಮ್ಮ ಅಪ್ಪನಿಗಾದರೆ ಕೋಲು ಬಲಗೈಯಲ್ಲಿ, ನೀವು ಎಡಕ್ಕೆ. ಮೊದಲು ಕೋಲು, ಆಮೇಲೆ ಎಡಗಾಲು, ಆಮೇಲೆ ಬಲಗಾಲು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಬಲಹೀನ ಕಾಲು ಮೊದಲು.

ಹನ್ನೊಂದು ಹೆಜ್ಜೆ ಅಂದಿರಿ. ಎಣಿಸೋದು ಅವರಾ, ನೀವಾ?

ಬೆಟಗೇರಿ ಹುಡುಗ

ಎರಡು ದಿನ ಆಸ್ಪತ್ರೆ ಓಡಾಟ, ಹಾಗಾಗಿ ಈಗ ಓದಿದೆ. ನೀವೆಲ್ಲಾ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಫಿಸಿಯೋ ಅಕ್ಕ, ನಾನು ಎದುರಿಗೇ ನಿಲ್ಲುತ್ತಿದ್ದೆ. ಕೈ ಚಾಚಿಕೊಂಡು. ಇವತ್ತು ನೀವು ಹೇಳಿದ ಹಾಗೆ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ ನಿಂತೆ. ಅಪ್ಪ ಎರಡು ಸಲ ತಿರುಗಿ "ಎಲ್ಲಿ ಹೋದಿ?" ಅಂತ ಕೇಳಿದರು. "ಇಲ್ಲೇ ಇದ್ದೀನ್ರೀ" ಅಂದೆ. ನಾನು ಕಾಣಿಸುತ್ತಿರಲಿಲ್ಲ ಅವರಿಗೆ. ಎಣಿಸೋದು ಅವರೇ. ಮೇಷ್ಟ್ರಲ್ವಾ, ಜೋರಾಗಿ ಎಣಿಸುತ್ತಾರೆ, ನಾನು ಬೇರೆ ಏನಾದರೂ ಮಾತಾಡಿದರೆ ಗದರುತ್ತಾರೆ.

ತೋಮ ಅವರ ಪ್ರಶ್ನೆಯನ್ನು ಅಪ್ಪನಿಗೂ ಓದಿ ಹೇಳಿದೆ. ಏನೂ ಅನ್ನಲಿಲ್ಲ, ಎರಡು ಸಲ ಓದಿಸಿದರು.

ಸಾಲುಮರ

ಒಂದು ಮಾತು ತಲೆಯಲ್ಲಿ ಸುತ್ತುತ್ತಿದೆ. ಮಗು ಅಂಬೆಗಾಲು ಬಿಟ್ಟು ಮೊದಲ ಸಲ ಎದ್ದು ಕಾಲಿಡುತ್ತದಲ್ಲ, ಅದಕ್ಕೆ ನಾವು "ತಪ್ಪು ಹೆಜ್ಜೆ" ಅನ್ನುತ್ತೇವೆ. ಮಗು ತಪ್ಪು ಹೆಜ್ಜೆ ಇಡ್ತಾ ಇದೆ ಅಂತ ಮನೆಯವರೆಲ್ಲಾ ಓಡಿ ಬಂದು ನೋಡುತ್ತಾರೆ, ಫೋನಲ್ಲಿ ವಿಡಿಯೋ ಮಾಡುತ್ತಾರೆ. ಹೆಸರಲ್ಲೇ ತಪ್ಪು ಅಂತಿದೆ. ಆದರೂ ಅದಕ್ಕಾಗಿ ಯಾರೂ ಮಗುವನ್ನು ಬೈದಿದ್ದು ನಾನು ನೋಡಿಲ್ಲ.

ಮಾರ್ಗಸ್ಥ

ಸಾಲುಮರ ಅವರೇ, ಇದನ್ನು ನಾನು ಪಾಠದಲ್ಲಿ ಬಳಸಿಕೊಳ್ಳುತ್ತೇನೆ, ಅನುಮತಿ ಕೊಡಿ. ಹೋಶೇಯ 11:3ರಲ್ಲಿ ದೇವರು ಎಫ್ರಾಯೀಮಿಗೆ, ಅಂದರೆ ಇಸ್ರಾಯೇಲ್ ಜನಕ್ಕೆ, ನಡೆದಾಡೋದನ್ನು ಕಲಿಸಿದವನು ನಾನೇ ಅನ್ನುತ್ತಾನೆ, ತೋಳು ಹಿಡಿದು. ಸಿಟ್ಟಿನ ಪ್ರವಾದನೆಗಳ ನಡುವೆ ಇದ್ದಕ್ಕಿದ್ದ ಹಾಗೆ ಒಂದು ಅಂಗಳ, ಒಂದು ಮಗು. ಆ ಮಗುವಿನ ಹೆಜ್ಜೆಗೆ ಕನ್ನಡದಲ್ಲಿ ಇಂಥ ಪದ ಇದೆ ಅನ್ನೋದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಬೆಟಗೇರಿಯವರೇ, ಕಾಲು ಸೋತವರ ಬಗ್ಗೆ ಬೈಬಲ್ ಏನನ್ನುತ್ತದೆ ಅಂತ ನೀವು ಕೇಳಿದ್ದು. ಯಾಕೋಬನನ್ನು ನೋಡಿ. ಆದಿಕಾಂಡ 32. ರಾತ್ರಿಯೆಲ್ಲಾ ಯಬ್ಬೋಕ್ ಹೊಳೆ ಹತ್ತಿರ ದೇವರ ಜೊತೆ ಸೆಣಸಾಡಿದ. ಬೆಳಗಾದಾಗ ಅವನಿಗೆ ಸಿಕ್ಕಿದ್ದು ಮೂರು: ಹೊಸ ಹೆಸರು, ಆಶೀರ್ವಾದ, ಕುಂಟು. ಹೊಸ ಹೆಸರಿನವನು ಸೂರ್ಯ ಹುಟ್ಟುವಾಗ ಕುಂಟುತ್ತಾ ಹೋದ ಅಂತ ಅಲ್ಲಿಗೆ ಆ ರಾತ್ರಿಯ ಕತೆ ಮುಗಿಯುತ್ತದೆ. ಆ ಕಾಲು ವಾಸಿಯಾಯಿತು ಅಂತ ಎಲ್ಲೂ ಬರೆದಿಲ್ಲ.

ಇನ್ನೊಂದು ಯೋಹಾನ 21:18. ಇದನ್ನು ಹೇಳಲೋ ಬೇಡವೋ ಅಂತ ಯೋಚಿಸಿದೆ. ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳುತ್ತಾನೆ: ವಯಸ್ಸಿದ್ದಾಗ ನೀನೇ ನಡು ಕಟ್ಟಿಕೊಂಡು ಬೇಕಾದ ಕಡೆ ಹೋದೆ, ಮುದುಕನಾದಾಗ ಕೈ ಚಾಚುತ್ತೀ, ಬೇರೊಬ್ಬ ನಿನ್ನ ನಡು ಕಟ್ಟಿ ನಿನಗೆ ಬೇಡದ ಕಡೆ ಕರೆದುಕೊಂಡು ಹೋಗುತ್ತಾನೆ. ಪೇತ್ರನ ಸಾವಿನ ಬಗ್ಗೆ ಹೇಳಿದ್ದು ಅಂತ ಯೋಹಾನನೇ ಬರೆಯುತ್ತಾನೆ. ಆದರೆ ಇಷ್ಟು ಹೇಳಿದ ತಕ್ಷಣ ಯೇಸು ಹೇಳುವ ಮಾತು "ನನ್ನನ್ನು ಹಿಂಬಾಲಿಸು". ಗಲಿಲಾಯ ಸರೋವರದ ದಡದಲ್ಲಿ ಬಲೆ ಬಿಟ್ಟು ಎದ್ದು ಬಂದ ಹುಡುಗನಿಗೆ ಹೇಳಿದ ಮಾತನ್ನೇ, ನಡು ಬೇರೆಯವರು ಕಟ್ಟುವ ಮುದುಕನಿಗೂ ಹೇಳಿದ.

ಹುಬ್ಬಳ್ಳಿ ಫಿಸಿಯೋ

ನಡು ಬೇರೆಯವರು ಕಟ್ಟೋದು! ಅದೇ ನಾನು ಹೇಳಿದ ಸೊಂಟದ ಪಟ್ಟಿ.

ದೋರನಹಳ್ಳಿ ಕಡೆಯವಳು

ರೂಪಕ ಎಲ್ಲಾ ಇರಲಿ. ಬೆಟಗೇರಿಯವರೇ, ನಿಮ್ಮ ಗುಡಿಗೆ ಮೆಟ್ಟಿಲು ಎಷ್ಟು? ಅಪ್ಪನ್ನ ಮೊದಲ ಸಾಲಿಗೆ ಹೇಗೆ ಕರೆದುಕೊಂಡು ಹೋಗುತ್ತೀರಿ?

ಬೆಟಗೇರಿ ಹುಡುಗ

ಮೂರು ಮೆಟ್ಟಿಲು. ಕಲ್ಲಿನವು, ಹಳೆಯವು, ನಡುವೆ ಸವೆದಿವೆ. ಇಬ್ಬರು ಎತ್ತಿ ಒಳಗೆ ತರೋಣ ಅಂದುಕೊಂಡಿದ್ದೆ. ಅಪ್ಪನಿಗೆ ಹೇಳಿದ್ದಕ್ಕೆ "ನಾನೇನು ಕಾಣಿಕೆ ಪೆಟ್ಟಿಗೇನಾ?" ಅಂದರು.

ಬೆಟಗೇರಿ ಹುಡುಗ

ನಿನ್ನೆ ಭಾನುವಾರ ಆಯಿತು. ಕೇಳಿದ್ದಿರಿ ಅಂತ ಬರೆಯುತ್ತಿದ್ದೇನೆ.

ಆರಾಧನೆ ಒಂಬತ್ತಕ್ಕೆ. ಎಂಟು ಮುಕ್ಕಾಲಿಗೆ ಆಟೋ ಗೇಟಿನ ಹತ್ತಿರ ನಿಂತಿತು. ಗೇಟಿನಿಂದ ಬಾಗಿಲಿಗೆ ನಾನಾದರೆ ಒಂದು ನಿಮಿಷ. ಅಪ್ಪ ಬಲಗೈಯಲ್ಲಿ ಕೋಲು, ನಾನು ಎಡಕ್ಕೆ, ಬೆಲ್ಟ್ ಹಿಡಿದು. ಬೇವಿನ ಮರದ ಕೆಳಗೆ ಒಮ್ಮೆ ನಿಂತರು. ಎಲೆ ಉದುರಿದ್ದಕ್ಕೆ ಕೋಲು ಜಾರುತ್ತಿತ್ತು, ಯಾರೋ ಹುಡುಗ ಓಡಿ ಬಂದು ಪೊರಕೆಯಿಂದ ದಾರಿ ಗುಡಿಸಿದ. ಒಳಗೆ ಮೊದಲ ಹಾಡು ಶುರುವಾಯಿತು. ನಾವು ಇನ್ನೂ ಹೊರಗೆ. ನನಗೆ ಚಡಪಡಿಕೆ, ಅಪ್ಪ ಮಾತ್ರ ಎಣಿಸುತ್ತಲೇ ಇದ್ದರು. ನಲವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದರು. ಎರಡನೇ ಹಾಡೂ ಮುಗಿಯಿತು. ಮೆಟ್ಟಿಲ ಹತ್ತಿರ ಬಂದಾಗ ಪಾಪದ ಅರಿಕೆ ನಡೆಯುತ್ತಿತ್ತು. ಗಟ್ಟಿ ಕಾಲು ಮೊದಲು ಅಂತ ನಾನು ಪಿಸುಗುಟ್ಟಿದೆ. "ಗೊತ್ತೈತಿ" ಅಂದರು.

ನಾವು ಒಳಗೆ ಕಾಲಿಟ್ಟಾಗ ಸರಿಯಾಗಿ ಕಾಣಿಕೆ ಎತ್ತುತ್ತಿದ್ದರು. ಅಪ್ಪ ಕುರ್ಚಿ ಮೇಲೆ ಕೂತು ಉಸಿರು ಬಿಟ್ಟು ನನ್ನ ಕಿವಿಯಲ್ಲಿ ಹೇಳಿದರು: "ಹಾಡು ತಪ್ಪಿತು, ಅರಿಕೆ ತಪ್ಪಿತು, ಇದೊಂದು ತಪ್ಪಲಿಲ್ಲ ನೋಡು."

ನಾನು ಮಾತಾಡಿದ್ದು ಸುಮಾರಾಗಿತ್ತು. ಮೈಕ್ ಕೀಂ ಅನ್ನುತ್ತಿತ್ತು. ತೇರಿನ ಕತೆ ಹೇಳುವಾಗ "ಒಬ್ಬ ಅಕ್ಕನ ಗುಂಪಿನಲ್ಲಿ" ಅಂತಷ್ಟೇ ಅಂದೆ, ಬೈಯಬೇಡಿ. ತಪ್ಪು ಹೆಜ್ಜೆ ಅಂದಾಗ ಹಿಂದಿನ ಸಾಲಿನ ಹೆಂಗಸರು ನಕ್ಕರು. ಯಾಕೋಬನ ವಿಷಯಕ್ಕೆ ಬರುವಷ್ಟರಲ್ಲಿ ಹತ್ತು ನಿಮಿಷ ಮುಗಿದಿತ್ತು, ಅಯ್ಯನವರು ಗಡಿಯಾರ ನೋಡಿದರು. ಎಮ್ಮಾಹು ಹೇಳಲೇ ಇಲ್ಲ. ಅದನ್ನು ಸಂಜೆ ಮನೆಯಲ್ಲಿ ಅಪ್ಪನಿಗೊಬ್ಬರಿಗೇ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹೆಸರಿಲ್ಲದವನು ಯಾರಂತ?" ಅಂದರು. ಗೊತ್ತಿಲ್ಲ ಅಂದೆ. "ನಿನ್ನ ಆ ತೋಮ ಇರಬೇಕು ಬಿಡು."

ಅನುಮಾನದ ತೋಮ

ಅಪ್ಪಾಜಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಾರ್ಥನಾಯೋಧ

ಬ್ರದರ್, ನಾನು ಸಿವಿಲ್ ಕೆಲಸದವನು. ಆ ಮೂರು ಮೆಟ್ಟಿಲಿನ ಎತ್ತರ ಅಳೆದು ಕಳಿಸಿ. ಇಳಿಜಾರು ಕಟ್ಟಬಹುದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅದಕ್ಕಿಂತ ಕಡಿದು ಮಾಡಿದರೆ ಗಾಲಿ ಕುರ್ಚಿ ತಳ್ಳೋಕೆ ಆಗಲ್ಲ.

ಬೆಟಗೇರಿ ಹುಡುಗ

ಒಂದೊಂದು ಮೆಟ್ಟಿಲು ಆರು ಇಂಚು ಇರಬಹುದು. ಒಟ್ಟು ಒಂದೂವರೆ ಅಡಿ.

ಪ್ರಾರ್ಥನಾಯೋಧ

ಹಾಗಾದರೆ 18 ಅಡಿ ಉದ್ದ. ಮುಂದೆ ಜಾಗ ಇದೆಯಾ?

ಬೆಟಗೇರಿ ಹುಡುಗ

ನೇರಕ್ಕೆ ಇಲ್ಲ, ಬೇವಿನ ಮರ ಅಡ್ಡ ಬರುತ್ತದೆ. ಮರ ಕಡಿಯೋಕೆ ಅಪ್ಪ ಬಿಡಲ್ಲ.

ಪ್ರಾರ್ಥನಾಯೋಧ

ಮರ ಯಾಕೆ ಕಡಿಯಬೇಕು? ಗೋಡೆ ಪಕ್ಕದಿಂದ ತಿರುಗಿಸೋಣ. ಒಂದು ಫೋಟೋ ಹಾಕಿ. ಒರಟು ಫಿನಿಶ್ ಮಾಡಬೇಕು, ಎಲೆ ಬಿದ್ದರೂ ಕೋಲು ಜಾರಬಾರದು.

ಹುಬ್ಬಳ್ಳಿ ಫಿಸಿಯೋ

ಹಿಡಿದುಕೊಳ್ಳೋ ಕಂಬಿ ಎರಡೂ ಕಡೆ ಹಾಕಿಸಿ. ಹೋಗುವಾಗ ಬಲಕ್ಕೆ ಇದ್ದಿದ್ದು ಬರುವಾಗ ಎಡಕ್ಕೆ ಬರುತ್ತದೆ.